ಆರು ವೋಲ್ಟಿನ ಕಾರು, ಐದು ವೋಲ್ಟಿನ ಫೋನು

ಹಳೆಯ ಕಾರುಗಳ ಮೆರವಣಿಗೆ ಎಂದರೆ ಎಲ್ಲ ವಯಸ್ಸಿನವರಿಗೂ ಕುತೂಹಲ. ಹಿತ್ತಾಳೆಯ ದೀಪ, ರಬ್ಬರ್ ಉಂಡೆಯ ಹಾರನ್, ಮರದ ಕಡ್ಡಿಗಳ ಚಕ್ರ ಇವೆಲ್ಲ ಕಣ್ಣಿಗೆ ಕಾಣುವ ಚರಿತ್ರೆ. ಅದೇ ಕಾರಿನ ತಂತಿಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಚರಿತ್ರೆ ಇದೆ. ಮೊಬೈಲ್ ಫೋನನ್ನೋ ಇಂದಿನ ಸ್ಟೀರಿಯೋವನ್ನೋ ಅಂಥ ಕಾರಿಗೆ ಜೋಡಿಸಲು ಹೊರಟಾಗ ಅದು ನಮಗೆ ಎದುರಾಗುತ್ತದೆ. ಜೋಡಣೆ ತಪ್ಪಿದರೆ ಉಪಕರಣ ಸುಡಬಹುದು. ಹತ್ತಿಯ ಹೊದಿಕೆಯ ಹಳೆಯ ತಂತಿಗೆ ಬೆಂಕಿ ಹತ್ತಿ, ಎರಡು ತಲೆಮಾರು ಕಾಪಾಡಿಕೊಂಡು ಬಂದ ಕಾರೇ ಇಲ್ಲವಾಗಲೂಬಹುದು. ಹಳತು ಹೊಸತುಗಳ ನಡುವೆ ಈ ತೊಡಕು ಹುಟ್ಟಿದ್ದು ಹೇಗೆ?

ಹ್ಯಾಂಡಲ್‌ನಿಂದ ಬ್ಯಾಟರಿಗೆ

ಮೊದಮೊದಲ ಕಾರುಗಳಲ್ಲಿ ಅನೇಕಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಎಂಜಿನ್ ತಿರುಗುವಾಗ ಮ್ಯಾಗ್ನೆಟೋ ಎಂಬ ಸಾಧನ ಕಿಡಿಯನ್ನು ಒದಗಿಸುತ್ತಿತ್ತು. ದೀಪಗಳು ಸೀಮೆಎಣ್ಣೆಯಿಂದ ಅಥವಾ ಕಾರ್ಬೈಡಿನಿಂದ ದೊರೆಯುವ ಅಸಿಟಿಲಿನ್ ಅನಿಲದಿಂದ ಉರಿಯುತ್ತಿದ್ದವು. ಎಂಜಿನ್ ಚಾಲೂ ಮಾಡಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುವುದೂ ಉಂಟು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತು. ನಮ್ಮ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದು ಕರೆಯುವುದು ಇದನ್ನೇ. ಸೆಲ್ಫ್‌ಗೆ ಬ್ಯಾಟರಿ ಬೇಕು. ಬ್ಯಾಟರಿಯನ್ನು ತುಂಬಲು ಡೈನಮೋ ಬೇಕು. ಹೀಗೆ ಕಾರಿನೊಳಗೆ ಒಂದು ಪುಟ್ಟ ವಿದ್ಯುತ್ ವ್ಯವಸ್ಥೆಯೇ ನೆಲೆಗೊಂಡಿತು. ಫೋರ್ಡ್ ಕಂಪನಿಯ ಜನಪ್ರಿಯ ಮಾಡೆಲ್ ಟಿ ಕಾರಿಗೂ 1919ರಲ್ಲಿ ಈ ಸೌಲಭ್ಯ ದೊರೆಯಿತು.

ಬಹಳಷ್ಟು ಕಾರುಗಳು 6 ವೋಲ್ಟ್‌ಗೆ ಹೊಂದಿಕೊಂಡಿದ್ದಕ್ಕೆ ಬ್ಯಾಟರಿಯ ರಸಾಯನವೂ ಒಂದು ಕಾರಣ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸ-ಆಮ್ಲ ಕೋಶ ಸುಮಾರು 2 ವೋಲ್ಟ್ ಕೊಡುತ್ತದೆ. ಕೋಶವನ್ನು ಎಷ್ಟೇ ದೊಡ್ಡದು ಮಾಡಿದರೂ ಈ ಸಂಖ್ಯೆ ಬದಲಾಗದು. ಮೂರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್. ಅಂದಿನ ಎಂಜಿನ್ನಿಗೂ ಒಂದೆರಡು ದೀಪಗಳಿಗೂ ಅಷ್ಟು ಸಾಕಾಗಿತ್ತು.

ರೇಡಿಯೋ ತಂದ ಸವಾಲು

ಹೊಸ ಉಪಕರಣವನ್ನು ಹಳೆಯ ವ್ಯವಸ್ಥೆಗೆ ಜೋಡಿಸುವ ಸಮಸ್ಯೆ ಇಂದಿನದಲ್ಲ. ಷಿಕಾಗೋದ ಪಾಲ್ ಗಾಲ್ವಿನ್ ಅವರ ಕಂಪನಿ 1930ರಲ್ಲಿ ‘ಮೋಟೊರೋಲಾ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಅಂದಿನ ರೇಡಿಯೋ ವಾಲ್ವುಗಳಿಗೆ ನೂರಾರು ವೋಲ್ಟ್ ಬೇಕು, ಕಾರಿನಲ್ಲಿದ್ದದ್ದು ಆರೇ. ಮೊದಲಿಗೆ ಬೇರೆ ಬ್ಯಾಟರಿಗಳನ್ನೇ ಇಡುತ್ತಿದ್ದರು. ಬಳಿಕ ‘ವೈಬ್ರೇಟರ್’ ಬಂದಿತು. ನೀವು ಶಾಲೆಯಲ್ಲಿ ಕಲಿತ ವಿದ್ಯುತ್ ಗಂಟೆಯ ತತ್ತ್ವವೇ ಇದರದ್ದು. ಕಂಪಿಸುವ ಪಟ್ಟಿಯೊಂದು ಪ್ರವಾಹವನ್ನು ಮತ್ತೆ ಮತ್ತೆ ಕಡಿದು ಜೋಡಿಸುತ್ತದೆ. ಹೀಗೆ ಏರಿಳಿಯುವ ಪ್ರವಾಹವನ್ನು ಟ್ರಾನ್ಸ್‌ಫಾರ್ಮರ್ ಹೆಚ್ಚಿನ ವೋಲ್ಟ್‌ಗೆ ಏರಿಸುತ್ತದೆ. ಅದನ್ನು ಮತ್ತೆ ಏಕಮುಖ ಪ್ರವಾಹವಾಗಿಸಿ ವಾಲ್ವುಗಳಿಗೆ ಕೊಡಲಾಗುತ್ತಿತ್ತು. ಹಳೆಯ ರೇಡಿಯೋ ಹಾಕಿದೊಡನೆ ಕೇಳಿಬರುವ ಜುಂಯ್ ಎಂಬ ಸದ್ದು ಈ ಪಟ್ಟಿಯದೇ.

ಆರು ಹನ್ನೆರಡಾದದ್ದು

ಎರಡನೆಯ ಮಹಾಯುದ್ಧದ ನಂತರ ಎಂಜಿನ್ನುಗಳು ಬಲಗೊಂಡವು. ಹೆಚ್ಚು ಸಂಪೀಡನದ ಎಂಜಿನ್ನನ್ನು ತಿರುಗಿಸಲು ಸೆಲ್ಫ್‌ಗೆ ಹೆಚ್ಚು ಶಕ್ತಿ ಬೇಕು. ಇಲ್ಲೊಂದು ಸಣ್ಣ ಲೆಕ್ಕ ನೋಡೋಣ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. 60 ವ್ಯಾಟಿನ ದೀಪಕ್ಕೆ 6 ವೋಲ್ಟ್ ಕಾರಿನಲ್ಲಿ 10 ಆಂಪಿಯರ್ ಪ್ರವಾಹ ಬೇಕು. 12 ವೋಲ್ಟ್ ಕಾರಿನಲ್ಲಿ 5 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣ. ಆದ್ದರಿಂದ ಪ್ರವಾಹ ಅರ್ಧವಾದರೆ ಅದೇ ತಂತಿಯಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ಈ ಲಾಭವನ್ನು ಕಂಡು 1953ರಲ್ಲಿ ಕ್ಯಾಡಿಲ್ಯಾಕ್, 1955ರಲ್ಲಿ ಷೆವ್ರೊಲೆ, 1956ರಲ್ಲಿ ಫೋರ್ಡ್ ಕಾರುಗಳು 12 ವೋಲ್ಟ್‌ಗೆ ಬದಲಾದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದ ಮಧ್ಯಭಾಗ ದಾಟುವವರೆಗೂ 6 ವೋಲ್ಟಿನಲ್ಲೇ ಓಡಿತು. ಡೈನಮೋದ ಸ್ಥಾನಕ್ಕೆ ಆಲ್ಟರ್ನೇಟರ್ ಬರತೊಡಗಿದ್ದೂ ಈ ಕಾಲದಲ್ಲೇ. ಅಗ್ಗದ ಸಿಲಿಕಾನ್ ಡಯೋಡುಗಳು ದೊರೆತ ಮೇಲೆ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಇದನ್ನು ಅಳವಡಿಸಿತು. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಹೆಚ್ಚೇನೂ ಕೊಡದು. ಆಲ್ಟರ್ನೇಟರ್ ಆಗಲೂ ಬ್ಯಾಟರಿಯನ್ನು ತುಂಬಬಲ್ಲದು.

ಧನವೋ ಋಣವೋ

ಇನ್ನೊಂದು ತೊಡಕು ಧ್ರುವಗಳದ್ದು. ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡು ತಂತಿ ಎಳೆಯುವುದಿಲ್ಲ. ಬ್ಯಾಟರಿಯ ಒಂದು ಧ್ರುವವನ್ನು ಕಾರಿನ ಲೋಹದ ಮೈಗೇ ಜೋಡಿಸಿರುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ‘ಅರ್ಥ್’ ಎನ್ನುತ್ತಾರೆ. ಇಂದಿನ ಕಾರುಗಳಲ್ಲಿ ಮೈಗೆ ಸೇರಿರುವುದು ಋಣ ಧ್ರುವ. ಆದರೆ 1930ರ ದಶಕದಿಂದ 1960ರ ದಶಕದವರೆಗೆ ಬ್ರಿಟನ್ನಿನ ಬಹುಪಾಲು ಕಾರುಗಳಲ್ಲಿ ಧನ ಧ್ರುವ ಮೈಗೆ ಸೇರಿತ್ತು. ತಂತಿಗಳ ತುದಿ ಕಿಲುಬು ಹಿಡಿಯುವುದು ಇದರಿಂದ ಕಡಿಮೆಯಾಗುತ್ತದೆ ಎಂಬುದು ಆ ಕಾಲದ ಒಂದು ಎಣಿಕೆ. ಮಾರಿಸ್ ಮೈನರ್ ಇದಕ್ಕೆ ಉದಾಹರಣೆ. ಭಾರತದಲ್ಲಿ ಉಳಿದಿರುವ ಹಳೆಯ ಕಾರುಗಳಲ್ಲಿ ಬ್ರಿಟನ್ನಿನವು ಹಲವು ಇರುವುದರಿಂದ ಈ ಸಂಗತಿ ನಮಗೂ ಮುಖ್ಯ.

ಇಂಥ ಕಾರಿಗೆ ಇಂದಿನ ಸ್ಟೀರಿಯೋ ಜೋಡಿಸಿದರೆ ಏನಾಗುತ್ತದೆ? ಅದರ ಲೋಹದ ಪೆಟ್ಟಿಗೆ ಒಳಗಡೆ ಋಣ ಧ್ರುವಕ್ಕೆ ಸೇರಿರುತ್ತದೆ. ಕಾರಿನ ಮೈ ಧನ ಧ್ರುವ. ಪೆಟ್ಟಿಗೆ ಮೈಗೆ ತಾಗಿದೊಡನೆ ಬ್ಯಾಟರಿಯ ಎರಡು ಧ್ರುವಗಳೂ ನೇರವಾಗಿ ಕೂಡುತ್ತವೆ. ಅದೇ ಶಾರ್ಟ್ ಸರ್ಕ್ಯೂಟ್. ಫ್ಯೂಸ್ ಇದ್ದರೆ ಅದು ಹೋಗುತ್ತದೆ, ಇಲ್ಲದಿದ್ದರೆ ತಂತಿ ಸುಡುತ್ತದೆ.

ನಡುವೆ ಒಬ್ಬ ದುಭಾಷಿ

ಈಗ ಮೊಬೈಲ್ ಫೋನಿಗೆ ಬರೋಣ. ಇದರ ಚಾರ್ಜಿಂಗಿಗೆ ಬಳಕೆಯಾಗುವ ಯುಎಸ್‌ಬಿ ಜೋಡಣೆ 1996ರಲ್ಲಿ ರೂಪುಗೊಂಡಿತು. ಅದರ ಮೂಲ ವೋಲ್ಟ್ 5. ಆರರ ಪಕ್ಕದಲ್ಲೇ ಐದು ಇರುವುದರಿಂದ ಕೆಲಸ ಸುಲಭ ಎನಿಸಬಹುದು. ಆದರೆ 6 ವೋಲ್ಟ್ ಎಂಬುದು ಹೆಸರಿಗೆ ಮಾತ್ರ. ಡೈನಮೋ ತುಂಬುವಾಗ ಅದು 7ನ್ನು ದಾಟುತ್ತದೆ. ಸೆಲ್ಫ್ ತಿರುಗುವಾಗ 5ಕ್ಕಿಂತ ಕೆಳಗೂ ಇಳಿಯಬಹುದು. ಜೊತೆಗೆ ಡೈನಮೋದ ಕಾರ್ಬನ್ ಬ್ರಷ್‌ಗಳಿಂದಲೂ ಇಗ್ನಿಷನ್ ಕಿಡಿಯಿಂದಲೂ ಹುಟ್ಟುವ ವಿದ್ಯುತ್ ಗದ್ದಲವಿರುತ್ತದೆ. 12 ವೋಲ್ಟಿಗೆಂದು ಮಾಡಿದ ಚಾರ್ಜರ್ ಇಲ್ಲಿ ಸರಿಯಾಗಿ ನಡೆದೀತೆಂಬ ಭರವಸೆಯಿಲ್ಲ.

ಇದಕ್ಕೆ ಪರಿಹಾರ ಕನ್ವರ್ಟರ್. ವೈಬ್ರೇಟರಿನ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇದರಲ್ಲಿ ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಬಾರಿ ಸದ್ದಿಲ್ಲದೆ ಮಾಡುತ್ತದೆ. ಬರುವ ವೋಲ್ಟ್ ಏರಿದರೂ ಇಳಿದರೂ ಹೊರಗೆ ಒಂದೇ ಮಟ್ಟವನ್ನು ಕೊಡುವ ಬಗೆಯನ್ನು ಆರಿಸಬೇಕು. ಧನ ಧ್ರುವ ಮೈಗೆ ಸೇರಿದ ಕಾರಿನಲ್ಲಿ ಒಳಬರುವ ಹಾಗೂ ಹೊರಹೋಗುವ ಮಂಡಲಗಳು ತಂತಿಯಿಂದ ಕೂಡದಂತೆ ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಡಿಸಿದ ಕನ್ವರ್ಟರ್ ಸುರಕ್ಷಿತ. ಬ್ಯಾಟರಿಯ ಹತ್ತಿರದಲ್ಲೇ ಒಂದು ಫ್ಯೂಸ್ ಇರಲೇಬೇಕು.

ಲೆಕ್ಕವನ್ನೂ ಮರೆಯಬಾರದು. 10 ವ್ಯಾಟಿನ ಚಾರ್ಜಿಂಗಿಗೆ ನಷ್ಟವೂ ಸೇರಿ 6 ವೋಲ್ಟ್ ಬ್ಯಾಟರಿಯಿಂದ ಸುಮಾರು 2 ಆಂಪಿಯರ್ ಹೋಗುತ್ತದೆ. ಹಗಲಿನಲ್ಲಿ ಇದು ಹೊರೆಯಲ್ಲ. ರಾತ್ರಿ ದೀಪ ಹಾಕಿಕೊಂಡು ಜನಜಂಗುಳಿಯ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಬ್ಯಾಟರಿಗೆ ಬರುವ ಆದಾಯಕ್ಕಿಂತ ಖರ್ಚೇ ಹೆಚ್ಚಾಗುತ್ತದೆ.

ಇಡೀ ಕಾರನ್ನೇ 12 ವೋಲ್ಟಿಗೆ ಬದಲಾಯಿಸಬಾರದೇಕೆ ಎಂದು ಕೇಳುವವರಿದ್ದಾರೆ. ಬದಲಾಯಿಸಬಹುದು. ಆಗ ಬಲ್ಬು, ಹಾರನ್, ಕಾಯಿಲ್, ಮೀಟರು, ಡೈನಮೋ ಎಲ್ಲದರ ವಿಚಾರವನ್ನೂ ನೋಡಬೇಕಾಗುತ್ತದೆ. ಒಂದೊಂದು ಬದಲಾವಣೆಗೂ ಅಂದಿನ ಕಾರ್ಮಿಕರ ಕೈಗೆಲಸದ ಒಂದೊಂದು ಸಾಕ್ಷ್ಯ ಅಳಿಯುತ್ತದೆ. ಭಾರತ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳೂ ವಿಂಟೇಜ್ ವಾಹನ ಎಂದರೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಕಾಪಾಡಿದ ವಾಹನ ಎಂದೇ ಹೇಳುತ್ತವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡುವಾಗ ಹೊರಗಿನ ಬಣ್ಣದಷ್ಟೇ ಬಾನೆಟ್ಟಿನ ಕೆಳಗಿನ ತಂತಿಯೂ ಚರಿತ್ರೆಯೆಂಬುದನ್ನು ನೆನೆಯಬೇಕು. ಕನ್ವರ್ಟರ್ ಒಬ್ಬ ಒಳ್ಳೆಯ ದುಭಾಷಿಯಂತೆ. ಇಬ್ಬರ ಮಾತನ್ನೂ ಬದಲಿಸದೆ ಇಬ್ಬರಿಗೂ ಅರ್ಥವಾಗುವಂತೆ ಮಾಡುತ್ತದೆ. ಬೇಡವಾದ ದಿನ ಗುರುತು ಉಳಿಸದೆ ಹೊರಬರುತ್ತದೆ.

ಹನ್ನೆರಡು ಕೂಡ ಕೊನೆಯ ಮಾತಲ್ಲ. ಹೊಸ ಕಾರುಗಳಲ್ಲಿ ಕೆಲವು 48 ವೋಲ್ಟ್ ವ್ಯವಸ್ಥೆಯನ್ನು ಬಳಸುತ್ತಿವೆ. ಕಾರಣ ಅದೇ ಹಳೆಯದು: ಬೇಡಿಕೆ ಹೆಚ್ಚಿದೆ, ತಂತಿ ದಪ್ಪವಾಗಬಾರದು. ನಿಮ್ಮ ಮನೆಯ ಚಾರ್ಜರನ್ನು ಒಮ್ಮೆ ಕೈಗೆತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿರುವ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ, ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎಷ್ಟು ಪ್ರವಾಹ ಬೇಕು, 48 ವೋಲ್ಟಿನಲ್ಲಿ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ನೂರು ವರ್ಷಗಳಿಂದ ಕಾರಿನ ವೋಲ್ಟ್ ಏಕೆ ಏರುತ್ತ ಬಂದಿದೆ ಎಂಬುದು ಆ ಎರಡು ಉತ್ತರಗಳಲ್ಲೇ ಕಾಣುತ್ತದೆ.