ಅಡಿಸ್ಥಳದ ಪ್ರಶ್ನೆ: ಸುಳ್ಯ ಸೀಮೆಯ ಬಡವರ ವಸತಿ ಮತ್ತು ಸೇವಾಸಂಸ್ಥೆಗಳು

ಸುಳ್ಯ ತಾಲೂಕಿನ ಮರ್ಕಂಜದಂಥ ಊರಿನಲ್ಲಿ ಬಡವರ ಮನೆಯ ಸಮಸ್ಯೆ ಗೋಡೆ, ಮಾಡುಗಳಿಗಿಂತ ಮೊದಲು ಅಡಿಸ್ಥಳದ್ದು, ಅಂದರೆ ಮನೆ ನಿಲ್ಲುವ ಜಾಗದ್ದು. ಇಲ್ಲಿನ ವಸತಿ ಬಯಲುಸೀಮೆಯ ಕೇರಿಗಳಂತೆ ಒತ್ತಾಗಿಲ್ಲ. ಅಡಿಕೆ ತೋಟ, ಗುಡ್ಡಗಳ ನಡುವೆ ಒಂಟಿ ಮನೆಗಳಾಗಿ ಚದುರಿದೆ. ವರ್ಗ (ಪಟ್ಟಾ) ಜಮೀನಿಗೆ ತಾಗಿದ 100 ಗಜದೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಕುಮ್ಕಿ ಸವಲತ್ತು ವರ್ಗದಾರನದು. ಅಂಥ ಜಾಗದಲ್ಲಿ ಬಿಡಾರ ಹೂಡಿದ ತೋಟದ ಕೂಲಿಯಾಳು ಅಲ್ಲೇ ಮುದುಕನಾದರೂ ಅವನ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಸರ್ಕಾರಿ ಜಾಗದಲ್ಲಿನ ಅನಧಿಕೃತ ವಾಸದ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯ್ದೆಯ 94ಸಿ ಕಲಂ ಇದೆ, ನಿಜ. ಆದರೆ ಅರ್ಜಿ, ಅಳತೆ, ಅರಣ್ಯದ ಗಡಿ ಇವುಗಳ ಹಿಂದೆ ಓಡಾಡಿದರೆ ಅಷ್ಟು ದಿನಗಳ ಕೂಲಿ ಹೋಯಿತೆಂದೇ ಅರ್ಥ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಪ್ರದೇಶದ ಮನೆಗೆ ನಿಗದಿಪಡಿಸಿದ ನೆರವು 1.20 ಲಕ್ಷ ರೂಪಾಯಿ. ಅದೂ ಕೆಲಸ ಸಾಗಿದಂತೆ ಕಂತುಗಳಲ್ಲಿ ಬರುತ್ತದೆ. ಲಾರಿ ರಸ್ತೆಯಲ್ಲೇ ನಿಂತು, ಕೆಂಪುಕಲ್ಲು, ಮರಳು, ಸಿಮೆಂಟು ತಲೆಹೊರೆಯಲ್ಲಿ ಗುಡ್ಡ ಹತ್ತಬೇಕಾದಲ್ಲಿ ಒಂಟಿ ವೃದ್ಧೆಯೊಬ್ಬಳಿಗೆ ಆ ಹಣ ಕೈಗೆ ಬಂದೂ ಮನೆಯಾಗುವುದಿಲ್ಲ.

ಸೇವಾಸಂಸ್ಥೆಗಳ ಕೆಲಸಕ್ಕೆ ಬೆಲೆ ಬರುವುದು ಇಂಥ ಕಡೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ತನ್ನ ವಾತ್ಸಲ್ಯ ಕಾರ್ಯಕ್ರಮದಲ್ಲಿ ನಿರ್ಗತಿಕರಿಗೆ ಮಾಸಾಶನ ಕೊಡುವುದರ ಜೊತೆಗೆ ಮನೆಯನ್ನೂ ಕಟ್ಟಿಸಿಕೊಡುತ್ತದೆ. ಹಣಕ್ಕಿಂತ ಹೆಚ್ಚಾಗಿ ಇಲ್ಲಿ ಗಮನಿಸಬೇಕಾದದ್ದು ಊರೊಳಗಿನ ಜಾಲವನ್ನು. ಯಾರ ಮಾಡಿಗೆ ಟಾರ್ಪಾಲು ಹೊದಿಸಿದೆ, ಯಾರ ಮಣ್ಣಿನ ಗೋಡೆಯ ಬುಡ ಆಟಿಯ ಮಳೆಗೆ ಕರಗುತ್ತಿದೆ ಎಂಬುದು ಯೋಜನೆಯ ಸ್ವಸಹಾಯ ಸಂಘದ ಹೆಂಗಸರಿಗೆ ಗೊತ್ತು. ಯಾವ ಫಲಾನುಭವಿ ಪಟ್ಟಿಯಲ್ಲೂ ಅದು ಕಾಣುವುದಿಲ್ಲ.

ವಸತಿ ಸರ್ಕಾರದ ಹೊಣೆ, ದಾನ ಸರ್ಕಾರವನ್ನು ಅದರಿಂದ ನುಣುಚಿಕೊಳ್ಳಲು ಬಿಡುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಹಾಗೆಂದು ಸೋರುವ ಮನೆಯವರನ್ನು ಇನ್ನೊಂದು ಮಳೆಗಾಲ ಕಾಯಿಸುವುದು ನ್ಯಾಯವಲ್ಲ. ದಾಖಲೆಯಿಲ್ಲದ ಜಾಗದಲ್ಲಿ ಕಟ್ಟಿದರೆ ಅತಿಕ್ರಮಣಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂಬ ಮಾತಿಗೂ ಉತ್ತರ ಕಾಗದದಲ್ಲೇ ಇದೆ: ಅಡಿಪಾಯ ತೋಡುವ ಮೊದಲೇ ಸಂಸ್ಥೆ ತನ್ನ ಕಾರ್ಯಕರ್ತರಿಂದ ಹಕ್ಕುಪತ್ರದ ಅರ್ಜಿ ಹಾಕಿಸಿ, ಅದು ಕೈಸೇರುವ ತನಕ ಬೆನ್ನು ಹತ್ತಬೇಕು. ಬೀಗದ ಕೈ ಹಸ್ತಾಂತರಿಸಿದ ಲೆಕ್ಕಕ್ಕಿಂತ ಹೀಗೆ ಸಿಕ್ಕಿದ ಹಕ್ಕುಪತ್ರಗಳ ಲೆಕ್ಕ ನನಗೆ ಮುಖ್ಯವೆನಿಸುತ್ತದೆ. ವಾರಸುದಾರರಿಲ್ಲದ ವೃದ್ಧರ ಮನೆ ಅವರ ನಂತರ ಯಾರಿಗೆ ಎಂಬುದೂ ಆಗಲೇ ತೀರ್ಮಾನವಾಗಬೇಕು. ಇಲ್ಲವಾದರೆ ಬಡವರಿಗೆಂದು ಕಟ್ಟಿದ ಆ ಮನೆ ಕೊನೆಗೆ ಪಕ್ಕದ ತೋಟದವನ ಅಡಿಕೆ ತುಂಬಿಡುವ ಕೋಣೆಯಾದರೂ ಕೇಳುವವರಿರುವುದಿಲ್ಲ.