ಮಡಿಚುವ ಚಾಕಿನ ಅಲಗು ಮತ್ತು ನಮ್ಮ ಉಕ್ಕು

ದೇವಾಲಯ, ಶಾಸನ, ನಾಣ್ಯಗಳನ್ನು ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಮನೆಯೊಳಗಿನ ಹಳೆಯ ಸಾಮಾನುಗಳನ್ನು ಪರೀಕ್ಷಿಸುವ ವಾಡಿಕೆ ನಮ್ಮಲ್ಲಿ ವಿರಳ. ಬ್ರೂಸ್‌ಪೇಟೆಯ ಹಳೆಯ ಮನೆಗಳಲ್ಲಿ, ಲೆಕ್ಕದ ಪೆಟ್ಟಿಗೆಯ ಮೂಲೆಯಲ್ಲಿ, ಲೇಖನಿ ಹೆರೆಯಲು ಒಂದು ಕಾಲಕ್ಕೆ ಉಪಯೋಗಿಸುತ್ತಿದ್ದ ಮಡಿಚುವ ಚಾಕು ಸಿಕ್ಕುವುದುಂಟು. ‘ಇದು ನಮ್ಮ ಸಂಡೂರಿನ ಉಕ್ಕು’ ಎಂದು ಒಬ್ಬರು ಅಭಿಮಾನದಿಂದ ಹೇಳಿದರೆ, ‘ಇದು ವಿಲಾಯತಿ ಮಾಲು’ ಎಂದು ಮತ್ತೊಬ್ಬರು ಗೌರವದಿಂದ ಹೇಳುತ್ತಾರೆ. ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದೆಂಬುದು ನಮ್ಮ ಶಾಸ್ತ್ರಮರ್ಯಾದೆ. ಆದುದರಿಂದ ಈ ಎರಡು ಮಾತುಗಳಿಗೂ ಪ್ರಮಾಣವೇನೆಂದು ವಿಚಾರಿಸುವುದು ಉಚಿತವಾಗಿದೆ.

ಮೊದಲು ಶಬ್ದವನ್ನು ನೋಡೋಣ. ಅಮರಕೋಶವು ಲೋಹದ ಪರ್ಯಾಯಗಳಲ್ಲಿ ತೀಕ್ಷ್ಣವೆಂಬ ಹೆಸರನ್ನು ಹೇಳುತ್ತದೆ. ರಸರತ್ನಸಮುಚ್ಚಯವು ಕಬ್ಬಿಣವನ್ನು ಮುಂಡ, ತೀಕ್ಷ್ಣ, ಕಾಂತವೆಂದು ಮೂರಾಗಿ ವಿಭಾಗಿಸುತ್ತದೆ. ಕನ್ನಡದಲ್ಲಿಯಾದರೋ ‘ಉಕ್ಕು’ ಎಂಬ ಅಚ್ಚ ದೇಶ್ಯಪದವಿದೆ. ಈ ಪದವೇ ಸಮುದ್ರವನ್ನು ದಾಟಿ, ಬರವಣಿಗೆಯ ತಪ್ಪಿನಿಂದ ‘ವೂಟ್ಜ್’ ಎಂದು ರೂಪಾಂತರ ಹೊಂದಿರಬೇಕೆಂಬುದು 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಕೋಶದ ಊಹೆ.

ಆ ಹೆಸರಿನ ಉಕ್ಕಿಗೂ ಚಾಕಿಗೂ ಇರುವ ಸಂಬಂಧವು ಕೇವಲ ಕಲ್ಪನೆಯಲ್ಲ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಎಂಬವರು ಈ ಉಕ್ಕಿನ ಬಿಲ್ಲೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸರಿಗೆ ಕಳುಹಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ಪಂಡಿತರು ತಮ್ಮ ಪರೀಕ್ಷೆಗಳನ್ನು ಆ ಸಭೆಗೆ ನಿವೇದಿಸಿದರು. ಬ್ಯಾಂಕ್ಸರ ಅಪೇಕ್ಷೆಯಂತೆ ಸ್ಟೊಡಾರ್ಟ್ ಎಂಬ ಚಾಕು ತಯಾರಕನು ಒಂದು ತುಂಡಿನಿಂದ ಲೇಖನಿಯ ಚಾಕನ್ನು ಮಾಡಿದನು. ಕತ್ತಲೆಯಲ್ಲಿ ಮಾತ್ರ ಕೆಂಪು ಕಾಣುವಷ್ಟು ಮಂದವಾದ ಕಾವಿನಲ್ಲಿ ಅವನು ಅದನ್ನು ಬಡಿದನು. ಆ ಅಲಗು ಅತ್ಯುತ್ತಮವಾದ ಉಕ್ಕಿನ ಚಾಕಿಗೆ ಸರಿಸಮಾನವಾಯಿತೆಂದು ವರದಿಯಾಯಿತು. ಮುಂದೆ ಮೈಕೆಲ್ ಫ್ಯಾರಡೇ ಇದೇ ಸ್ಟೊಡಾರ್ಟನೊಡನೆ ಕೂಡಿ ಉಕ್ಕಿನ ಮಿಶ್ರಲೋಹಗಳನ್ನು ಕುರಿತು 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದನು.

ಅದೇ ಕಾಲದಲ್ಲಿ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿ, ಮಾಗಡಿಯ ಸಮೀಪದ ಘಟ್ಟಿಪುರ ಮೊದಲಾದ ಎಡೆಗಳಲ್ಲಿ ಕಬ್ಬಿಣದ ಕೆಲಸವನ್ನು ಕಂಡನು. ಅವನು ವರ್ಣಿಸಿದ ಕ್ರಮ ಹೀಗಿದೆ: ಮಣ್ಣಿನ ಸಣ್ಣ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಹಸಿರೆಲೆ ಇವುಗಳನ್ನಿಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಕಾಸುವುದು. ಕಡ್ಡಿ ಎಲೆಗಳು ಸುಟ್ಟು ಇಂಗಾಲವಾಗುತ್ತವೆ. ಆ ಇಂಗಾಲವು ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತದೆ. ಅದಿರು ಎಷ್ಟು ಉತ್ತಮವಾದರೂ ಈ ಸಂಸ್ಕಾರವಿಲ್ಲದೆ ಉಕ್ಕಾಗದು. ಆದುದರಿಂದ ಸಂಡೂರಿನ ಬೆಟ್ಟಗಳಲ್ಲಿ ಅದಿರು ಹೇರಳವಾಗಿರುವುದೊಂದೇ ನಮ್ಮ ಚಾಕಿನ ಕುಲವನ್ನು ನಿರ್ಣಯಿಸಲಾರದು.

ಹಾಗಾದರೆ ನಿರ್ಣಯಿಸುವ ಬಗೆ ಹೇಗೆ? ಪ್ರಥಮ ಪ್ರಮಾಣವು ಅಕ್ಷರ. ಅಲಗು ಹಿಡಿಯನ್ನು ಸೇರುವಲ್ಲಿ ಮುದ್ರೆಯಿರುತ್ತದೆ. ಅದನ್ನು ಭೂತಗನ್ನಡಿಯಿಂದ ಓದಬೇಕು. ಕಿರೀಟದ ಎರಡು ಪಾರ್ಶ್ವಗಳಲ್ಲಿ ವಿ, ಆರ್ ಅಕ್ಷರಗಳಿದ್ದರೆ ಅದು 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲವನ್ನು ಸೂಚಿಸುತ್ತದೆ. ನಕ್ಷತ್ರವೂ ಮಾಲ್ಟಾದ ಶಿಲುಬೆಯೂ ಜೊತೆಯಲ್ಲಿದ್ದರೆ ಅದು ಷೆಫೀಲ್ಡಿನ ಜೋಸೆಫ್ ರಾಜರ್ಸ್ ಸಂಸ್ಥೆಯ ಗುರುತು. ‘ಸ್ಟೇನ್‌ಲೆಸ್’ ಎಂದಿದ್ದರೆ, ಹ್ಯಾರಿ ಬ್ರೇರ್ಲಿಯು 1913ರಲ್ಲಿ ಷೆಫೀಲ್ಡಿನಲ್ಲಿ ಕ್ರೋಮಿಯಂ ಬೆರೆತ ಉಕ್ಕನ್ನು ಎರಕ ಹೊಯ್ದ ಬಳಿಕದ ಅಲಗು. ಆದರೆ ಮುದ್ರೆಯೂ ಸುಳ್ಳಾಡಬಲ್ಲದು. ಪರದೇಶದ ಮಾಲಿಗೆ ಷೆಫೀಲ್ಡಿನ ಹೆಸರೊತ್ತುವ ಮೋಸವನ್ನು ತಡೆಯಬೇಕೆಂಬುದು 1887ರ ಬ್ರಿಟಿಷ್ ವ್ಯಾಪಾರಮುದ್ರೆಯ ಕಾನೂನಿಗೆ ಒಂದು ಕಾರಣವಾಗಿತ್ತು.

ದ್ವಿತೀಯ ಪ್ರಮಾಣವು ಸ್ವಭಾವ. ಮಾವಿನಕಾಯಿಯನ್ನೋ ನಿಂಬೆಯನ್ನೋ ಹೆಚ್ಚಿದಾಗ ಕಪ್ಪಾಗುವ ಅಲಗು ಸಾಧಾರಣ ಇಂಗಾಲದ ಉಕ್ಕು. ಬಣ್ಣಗೆಡದೆ ಉಳಿಯುವುದು ಕ್ರೋಮಿಯಂ ಉಕ್ಕು. ಅಯಸ್ಕಾಂತವನ್ನು ಇಲ್ಲಿ ನಂಬಬಾರದು. ಚಾಕಿಗೆ ಬಳಸುವ ತುಕ್ಕುಹಿಡಿಯದ ಉಕ್ಕನ್ನೂ ಅದು ಸೆಳೆಯುತ್ತದೆ. ಸಾಣೆಚಕ್ರಕ್ಕೆ ಹಿಡಿದಾಗ ಕಿಡಿಗಳು ಹೂವಿನಂತೆ ಸಿಡಿದರೆ ಇಂಗಾಲವು ಹೆಚ್ಚೆಂದು ತಿಳಿಯಬಹುದು. ಆದರೆ ಈ ಪರೀಕ್ಷೆಯು ಅಲಗನ್ನೇ ತಿನ್ನುತ್ತದೆ. ಕ್ಷ-ಕಿರಣದ ಕೈಯಂತ್ರವು ಅಲಗಿಗೆ ಹಾನಿಮಾಡದೆ ಕ್ರೋಮಿಯಂ, ಮ್ಯಾಂಗನೀಸುಗಳನ್ನು ತೋರಿಸುತ್ತದೆ, ಇಂಗಾಲವನ್ನು ಮಾತ್ರ ಕಾಣಲಾರದು.

ಮೂಸೆಯ ಉಕ್ಕಿನಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲಿನವರೆಗೆ ಇಂಗಾಲವುಂಟು. ಹದವಾಗಿ ಬಡಿದ ಅಲಗನ್ನು ಆಮ್ಲದಿಂದ ತೊಳೆದರೆ ನೀರಿನ ಅಲೆಗಳಂತೆ ಬಿಳಿಗಪ್ಪು ರೇಖೆಗಳು ಮೂಡುವುದುಂಟು. ಕಾವು ಮಿತಿಮೀರಿದರೆ ಈ ರೇಖೆಗಳು ನಶಿಸುತ್ತವೆ. ಆದ ಕಾರಣ ರೇಖೆಯಿಲ್ಲದುದರಿಂದಲೇ ಅದು ಮೂಸೆಯ ಉಕ್ಕಲ್ಲವೆನ್ನಲಾಗದು. ಪದರಗಳನ್ನು ಬೆಸೆದೂ ಅಂತಹ ರೇಖೆಗಳನ್ನು ತರಬಹುದಾದುದರಿಂದ, ರೇಖೆಯಿದ್ದ ಮಾತ್ರಕ್ಕೆ ಹೌದೆನ್ನಲೂ ಆಗದು.

ಇಷ್ಟನ್ನೂ ಕೂಡಿಸಿ ನೋಡಿದರೆ ನಮ್ಮ ಪೆಟ್ಟಿಗೆಗಳ ಚಾಕುಗಳಲ್ಲಿ ಹೆಚ್ಚಿನವು ಪರದೇಶದ ಅಲಗುಗಳೆಂದೇ ತೋರುತ್ತದೆ. 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪೆನಿಗೆ ಸೇರಿ, ಇಲ್ಲಿ ದಂಡು ನೆಲಸಿದ ಮೇಲೆ ಅಂತಹ ಮಾಲು ಪೇಟೆಗೆ ಬಂದುದು ಸಹಜವೇ. ಇದರಿಂದ ಖೇದಪಡಬೇಕಾಗಿಲ್ಲ. ಷೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ ಉಕ್ಕೂ ಮೂಸೆಯಲ್ಲಿಯೇ ಕರಗಿದುದು. ಅಲ್ಲಿನವರು ಅದಕ್ಕೆ ಬಹುವಾಗಿ ಬಳಸುತ್ತಿದ್ದ ಕಬ್ಬಿಣವಾದರೋ ಸ್ವೀಡನ್ ದೇಶದ್ದು. ಯಾವ ಅಲಗಿನ ವಂಶವೂ ಒಂದೇ ಊರಿನದಲ್ಲ.

ನಮ್ಮ ಉಕ್ಕಿನ ಕೀರ್ತಿಗೆ ಸುಳ್ಳು ಸಾಕ್ಷಿ ಬೇಕಾಗಿಲ್ಲ. ಲಂಡನ್ನಿನ ಆ ಒಂದು ಲೇಖನಿಯ ಚಾಕೇ ಸಾಕಾದಷ್ಟು ಸಾಕ್ಷಿ. ಅದನ್ನು ಕಾಸಿದ ನಮ್ಮ ಕುಶಲಿಗಳ ಹೆಸರು ಅಲ್ಲಿಯ ಲೇಖನಗಳಲ್ಲಿಲ್ಲ. ಅವರ ಕಸುಬು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷೀಣಿಸಿತು. ಉಳಿದಿರುವ ಸಾಕ್ಷಿಯನ್ನಾದರೂ ನಾವು ಕೆಡಿಸಬಾರದು. ಹಳೆಯ ಚಾಕು ಸಿಕ್ಕಿದೊಡನೆ ಮರಳುಕಾಗದದಿಂದ ಉಜ್ಜಿ ಬೆಳಗಿಸುವವರು ಮುದ್ರೆಯನ್ನೂ ಮೈಬಣ್ಣವನ್ನೂ ಒಟ್ಟಿಗೆ ಅಳಿಸಿಬಿಡುತ್ತಾರೆ. ಶಾಸನದ ಕಲ್ಲನ್ನು ಬಟ್ಟೆಯೊಗೆಯಲು ಹಾಕಿಕೊಂಡಂತೆ ಅದು. ವಾಚಕರು ತಮ್ಮ ಮನೆಯ ಚಾಕನ್ನು ಒಣಬಟ್ಟೆಯಿಂದ ಒರಸಿ, ತೆಳುವಾಗಿ ಎಣ್ಣೆ ಸವರಿ, ಮುದ್ರೆಯನ್ನು ಬರೆದಿಟ್ಟುಕೊಂಡು, ಯಾರ ಕೈಯಿಂದ ಬಂದಿತೆಂಬುದನ್ನು ಹಿರಿಯರಿರುವಾಗಲೇ ಕೇಳಿ ಗುರುತುಹಾಕಬೇಕು. ಅಲಗಿನ ತುಕ್ಕನ್ನು ಮುಂದೆಯೂ ತೆಗೆಯಬಹುದು. ಅಳಿದುಹೋದ ಅಕ್ಷರವನ್ನು ಮಾತ್ರ ಯಾವ ಕಮ್ಮಾರನೂ ಮರಳಿ ತರಲಾರನು.