ಸುದ್ದಿ ತಂದವರ ಋಣ

ಕುಂಭಾರಿಯಿಂದ ಅಕ್ಕಲಕೋಟೆ ರಸ್ತೆ ಹಿಡಿದು ಸೊಲ್ಲಾಪುರಕ್ಕೆ ಹೋಗಿಬರುವ ನಾವು ಅಲ್ಲಿನ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ಎಷ್ಟೋ ಸಲ ಕಂಡಿದ್ದೇವೆ. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಎಂಬ ಹೆಸರುಗಳು ನಮಗೆ ಹೊಸವಲ್ಲ. ಆದರೆ ಕುರ್ಬಾನ್ ಹುಸೇನರು ಕಾರ್ಮಿಕರ ಮುಂದಾಳಾಗಿದ್ದಂತೆಯೇ ‘ಗಜನಫರ್’ ಎಂಬ ಪತ್ರಿಕೆಯನ್ನು ನಡೆಸಿದವರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1930ರ ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ತಲುಪಿದೊಡನೆ ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಮೇ 8ರ ಗೋಲೀಬಾರಿನ ತರುವಾಯ ಕೆಲವು ದಿನ ನಗರದಲ್ಲಿ ಆಂಗ್ಲರ ಆಡಳಿತವೇ ಇಲ್ಲದಂತಾಯಿತು. ಮೇ 12ರಂದು ಸರ್ಕಾರ ಲಷ್ಕರಿ ಕಾಯ್ದೆಯನ್ನು ಹೇರಿತು. ಅದರ ಏಟು ಲೇಖನಿಗೂ ಬಿತ್ತು. ‘ಕರ್ಮಯೋಗಿ’ ಪತ್ರಿಕೆಯ ಸಂಪಾದಕ ರಾಮಭಾವು ರಾಜವಾಡೆಯವರು ಸೆರೆಮನೆ ಸೇರಿದರು. ಪೊಲೀಸರ ಕೊಲೆಯ ಆರೋಪ ಹೊರಿಸಲ್ಪಟ್ಟ ಆ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಅಂದು ಕಾಯ್ದೆ ಪತ್ರಕರ್ತನಿಗೆ ಎದುರಾಗಿತ್ತು. ಇಂದು, ಕಾಗದದ ಮೇಲಾದರೂ, ಅವನ ಪಕ್ಷದಲ್ಲಿದೆ. ಅದು ತಾನಾಗಿ ಬಂದುದಲ್ಲ. ಎಸ್. ಎಂ. ದೇಶಮುಖ್ ಅವರ ಮುಂದಾಳುತನದ ‘ಪತ್ರಕಾರ ಹಲ್ಲಾ ವಿರೋಧಿ ಕೃತಿ ಸಮಿತಿ’ ವರ್ಷಗಟ್ಟಲೆ ಒತ್ತಾಯಿಸಿದುದರಿಂದ, 2017ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಪತ್ರಕರ್ತರ ರಕ್ಷಣೆಗೆ ಕಾಯ್ದೆಯನ್ನು ಅಂಗೀಕರಿಸಿತು. ಕರ್ತವ್ಯದಲ್ಲಿರುವ ಪತ್ರಕರ್ತನ ಮೇಲೆ ಹಲ್ಲೆ ಮಾಡಿದವರಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ, ಅಪರಾಧ ಜಾಮೀನುರಹಿತ, ತನಿಖೆಗೆ ಉಪ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ.

ಹೀಗಿದ್ದೂ 2023ರ ಫೆಬ್ರುವರಿ 6ರಂದು ರತ್ನಾಗಿರಿ ಜಿಲ್ಲೆಯ ರಾಜಾಪುರದಲ್ಲಿ ಪತ್ರಕರ್ತ ಶಶಿಕಾಂತ ವಾರಿಶೆಯವರ ದ್ವಿಚಕ್ರ ವಾಹನದ ಮೇಲೆ ಜೀಪು ಹರಿಯಿತು. ಮರುದಿನ ಅವರು ತೀರಿಕೊಂಡರು. ತೈಲ ಶುದ್ಧೀಕರಣ ಯೋಜನೆಯ ಕುರಿತ ಅವರ ವರದಿ ಅದೇ ದಿನ ಅಚ್ಚಾಗಿತ್ತು. ಪತ್ರಕರ್ತರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ವಿಶೇಷ ತನಿಖಾ ತಂಡ ರಚನೆಯಾಯಿತು.

ಇಂಥ ಸುದ್ದಿ ಬಂದಾಗ ನಾವು ಮಾಡುವುದೇನು? ಮೊಬೈಲಿನಲ್ಲಿ ನಾಲ್ಕು ಜನಕ್ಕೆ ಕಳಿಸಿ, ಒಂದು ದೀಪದ ಚಿತ್ರ ಹಾಕಿ, ಸುಮ್ಮನಾಗುತ್ತೇವೆ. ಮರುಕ ತಪ್ಪಲ್ಲ, ಆದರೆ ಅದು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಗಡಿನಾಡಿನ ಹಳ್ಳಿಗಳಿಂದ ಕನ್ನಡ ಪತ್ರಿಕೆಗಳಿಗೆ ಬರೆಯುವ ಬಿಡಿ ಸುದ್ದಿಗಾರನಿಗೆ ನೇಮಕಪತ್ರವೂ ಇಲ್ಲದಿದ್ದರೆ, ತಾನು ಪತ್ರಕರ್ತನೆಂದು ಸಿದ್ಧಪಡಿಸುವುದೇ ಕಷ್ಟ. ಅವನಿಗೆ ಬೆದರಿಕೆ ಬಂದ ದಿನ ಠಾಣೆಗೆ ಜೊತೆಯಾಗಿ ಹೋಗುವುದು, ದೂರಿನಲ್ಲಿ ಈ ಕಾಯ್ದೆಯ ಹೆಸರು ಬರೆಯಿಸುವುದು, ಅವನ ವರದಿಗಳನ್ನು ಕತ್ತರಿಸಿ ಜೋಪಾನವಾಗಿಡುವುದು, ವಿಚಾರಣೆಯ ದಿನ ಕೋರ್ಟಿನಲ್ಲಿ ಹಾಜರಿರುವುದು: ಇವು ಸಂಘಗಳಿಗೆ ಅಸಾಧ್ಯವಾದ ಕೆಲಸಗಳಲ್ಲ.

ಪ್ರತಿ ಜನವರಿ 12ರಂದು ನಾವು ಹುತಾತ್ಮರಿಗೆ ಹೂಮಾಲೆ ಹಾಕುತ್ತೇವೆ. ಅಂದೇ ನಮ್ಮ ತಾಲೂಕಿನ ಸುದ್ದಿಗಾರರನ್ನು ಕರೆದು, ಅವರಿಗಿರುವ ತೊಂದರೆಗಳನ್ನು ಕೇಳಿ, ಬರೆದಿಟ್ಟುಕೊಂಡರೆ ಕುರ್ಬಾನ್ ಹುಸೇನರ ಋಣದಲ್ಲಿ ಒಂದಿಷ್ಟಾದರೂ ತೀರೀತು.